ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರಿಗೆ ಮಾಹಿತಿ: ಪ್ರವೇಶ ನಿಯಮಗಳು, ಆರೋಗ್ಯ ಮತ್ತು ಸುರಕ್ಷತೆ

1. ಪೀಠಿಕೆ

ಕರ್ನಾಟಕದ ಕರಾವಳಿ ಜಿಲ್ಲೆಗಳಿಂದ ಹಾಗೂ ಇತರ ಭಾಗಗಳಿಂದ ಅನೇಕರು ಉದ್ಯೋಗವನ್ನು ಅರಸಿ ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ (ಯುಎಇ), ಕುವೈತ್, ಕತಾರ್, ಒಮಾನ್ ಮತ್ತು ಬಹ್ರೇನ್ ದೇಶಗಳಿಗೆ ತೆರಳುತ್ತಾರೆ. ಇವರ ರಕ್ಷಣೆಗಾಗಿ ಭಾರತದಲ್ಲಿ ವಲಸೆ ಅಧಿನಿಯಮ, 1983 ಜಾರಿಯಲ್ಲಿದೆ. ವಿಮೆ, ಲಿಖಿತ ಉದ್ಯೋಗ ಒಪ್ಪಂದ, ಉದ್ಯೋಗದಾತರ ನೋಂದಣಿ ಮುಂತಾದ ರಕ್ಷಣೆಗಳು ದೊರೆಯುವುದು, ಕಾರ್ಮಿಕರು ಸರಿಯಾದ ಉದ್ಯೋಗ ವೀಸಾದ ಮೇಲೆ, ಅಗತ್ಯವಿರುವಲ್ಲಿ ವಲಸೆ ಅನುಮತಿಯನ್ನು ಪಡೆದು ತೆರಳಿದಾಗ ಮಾತ್ರ. ಸಂದರ್ಶನ ವೀಸಾದ ಮೇಲೆ ಹೋಗಿ ಕೆಲಸಕ್ಕೆ ಸೇರುವವರ ವಿವರವು ಉದ್ಯೋಗಿಗಳ ದಾಖಲೆಯಲ್ಲಿ ಸೇರುವುದಿಲ್ಲ. ವೇತನ ದೊರೆಯದಿದ್ದಾಗ, ಅಪಘಾತವಾದಾಗ ಅಥವಾ ಮರಣ ಸಂಭವಿಸಿದಾಗ ಇಂಥವರ ಕುಟುಂಬಗಳು ಹಕ್ಕು ಸಾಧಿಸುವುದು ಬಹಳ ಕಷ್ಟವಾಗುತ್ತದೆ. ಆದುದರಿಂದ ಪ್ರಯಾಣಕ್ಕೆ ಮುನ್ನ ಅರ್ಜಿದಾರರು ಮತ್ತು ಅವರ ಕುಟುಂಬದವರು ಕೆಳಕಂಡ ಮಾಹಿತಿಯನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

2. ವಲಸೆ ಅನುಮತಿ ಯಾರಿಗೆ ಅಗತ್ಯ

ಭಾರತೀಯ ಪಾಸ್‌ಪೋರ್ಟುಗಳಲ್ಲಿ ಎರಡು ವರ್ಗಗಳಿವೆ. ವಲಸೆ ತಪಾಸಣೆಗೆ ಒಳಪಡುವ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ನಮೂದು ಇರುತ್ತದೆ. ಈ ನಮೂದು ಇಲ್ಲದ ಪಾಸ್‌ಪೋರ್ಟನ್ನು ವಲಸೆ ತಪಾಸಣೆಯಿಂದ ವಿನಾಯಿತಿ ಪಡೆದ ಪಾಸ್‌ಪೋರ್ಟ್ ಎಂದು ಪರಿಗಣಿಸಲಾಗುತ್ತದೆ. ಈ ಕೆಳಕಂಡವರು ಸೂಕ್ತ ದಾಖಲೆಗಳನ್ನು ಒದಗಿಸಿ ವಿನಾಯಿತಿ ವರ್ಗದ ಪಾಸ್‌ಪೋರ್ಟನ್ನು ಪಡೆಯಬಹುದು.

ಅ) 10ನೇ ತರಗತಿ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯಾಭ್ಯಾಸದಲ್ಲಿ ಉತ್ತೀರ್ಣರಾದವರು
ಆ) ಆದಾಯ ತೆರಿಗೆ ಪಾವತಿದಾರರು
ಇ) 50 ವರ್ಷ ಮೀರಿದವರು
ಈ) 3 ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸವಿದ್ದವರು

ಇ.ಸಿ.ಆರ್. ಪಾಸ್‌ಪೋರ್ಟ್ ಹೊಂದಿದವರು ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯಿಂದ ವಲಸೆ ಅನುಮತಿಯನ್ನು ಪಡೆಯತಕ್ಕದ್ದು. ಆರು ಕೊಲ್ಲಿ ರಾಷ್ಟ್ರಗಳೂ ಈ ಪಟ್ಟಿಯಲ್ಲಿವೆ. ಜೋರ್ಡಾನ್, ಲೆಬನಾನ್, ಮಲೇಷ್ಯಾ, ಸುಡಾನ್ ಮೊದಲಾದ ದೇಶಗಳೂ ಇದರಲ್ಲಿ ಸೇರಿವೆ. ಅನುಮತಿಗಾಗಿ ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಮೂಲಕ ಸಲ್ಲಿಸಬೇಕಾಗಿರುತ್ತದೆ.

10ನೇ ತರಗತಿ ಉತ್ತೀರ್ಣರಾಗಿದ್ದರೂ ಅಂಕಪಟ್ಟಿಯನ್ನು ಸಲ್ಲಿಸದ ಕಾರಣ ಕೆಲವರು ಇ.ಸಿ.ಆರ್. ಪಾಸ್‌ಪೋರ್ಟನ್ನೇ ಹೊಂದಿರುತ್ತಾರೆ. ಇಂಥವರು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಸಲ್ಲಿಸಿ ಈ ನಮೂದನ್ನು ತೆಗೆಸಿಕೊಳ್ಳಬಹುದು.

ವಿಶೇಷ ಸೂಚನೆ: ಇ.ಸಿ.ಆರ್. ಪಾಸ್‌ಪೋರ್ಟ್ ಹೊಂದಿದ 30 ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರಿಗೆ ಮನೆಗೆಲಸದ ಉದ್ಯೋಗಕ್ಕಾಗಿ ಈ ದೇಶಗಳಿಗೆ ತೆರಳಲು ಅನುಮತಿ ನೀಡಲಾಗುವುದಿಲ್ಲ. ವಯಸ್ಸನ್ನು ತಿದ್ದಿ ಅಥವಾ ಸಂದರ್ಶನ ವೀಸಾದ ಮೇಲೆ ಕಳುಹಿಸಿಕೊಡುವುದಾಗಿ ಹೇಳುವವರನ್ನು ನಂಬಬಾರದು. ದಾದಿಯರ ಉದ್ಯೋಗಕ್ಕೆ ತೆರಳುವವರು ವಿನಾಯಿತಿ ಪಾಸ್‌ಪೋರ್ಟ್ ಹೊಂದಿದ್ದರೂ ವಲಸೆ ಅನುಮತಿ ಪಡೆಯಬೇಕೆಂಬ ನಿಯಮವನ್ನು 2015ರಲ್ಲಿ ಜಾರಿಗೆ ತರಲಾಯಿತು.

3. ಸಂದರ್ಶನ ವೀಸಾದ ಅಪಾಯ

ಇ.ಸಿ.ಆರ್. ಪಾಸ್‌ಪೋರ್ಟ್ ಹೊಂದಿದವರು ಪ್ರವಾಸಕ್ಕಾಗಿ ಅಥವಾ ಬಂಧುಗಳ ಭೇಟಿಗಾಗಿ ತೆರಳುವಾಗ ವಲಸೆ ಅನುಮತಿಯ ಅಗತ್ಯವಿರುವುದಿಲ್ಲ. ಇದನ್ನೇ ದುರುಪಯೋಗಪಡಿಸಿಕೊಂಡು, "ಮೊದಲು ಸಂದರ್ಶನ ವೀಸಾದ ಮೇಲೆ ಹೋಗಿ, ಅಲ್ಲಿ ತಲುಪಿದ ಮೇಲೆ ಉದ್ಯೋಗ ವೀಸಾ ಮಾಡಿಸಿಕೊಡಲಾಗುವುದು" ಎಂದು ಅನಧಿಕೃತ ಮಧ್ಯವರ್ತಿಗಳು ಆಶ್ವಾಸನೆ ನೀಡುತ್ತಾರೆ. ಈ ಆಶ್ವಾಸನೆಗೆ ಕಾನೂನಿನ ಬೆಂಬಲವಿಲ್ಲ.

ಸಂದರ್ಶನ ವೀಸಾದ ಮೇಲೆ ಕೆಲಸ ಮಾಡುವುದು ಕೊಲ್ಲಿ ರಾಷ್ಟ್ರಗಳಲ್ಲಿ ಅಪರಾಧ. ಸಿಕ್ಕಿಬಿದ್ದಲ್ಲಿ ದಂಡ, ಬಂಧನ, ಗಡೀಪಾರು ಮತ್ತು ಮರುಪ್ರವೇಶ ನಿಷೇಧಕ್ಕೆ ಗುರಿಯಾಗಬೇಕಾಗುತ್ತದೆ. ವೀಸಾ ಅವಧಿ ಮುಗಿದ ನಂತರ ಉಳಿದ ಪ್ರತಿ ದಿನಕ್ಕೂ ಕೆಲವು ದೇಶಗಳಲ್ಲಿ ದಂಡ ಬೆಳೆಯುತ್ತಾ ಹೋಗುತ್ತದೆ. ವೇತನ ನೀಡದ ಮಾಲೀಕರ ವಿರುದ್ಧ ದೂರು ನೀಡಲು ಹೋದಾಗ, ದೂರುದಾರರ ಬಳಿಯೇ ಕೆಲಸ ಮಾಡುವ ಹಕ್ಕಿನ ದಾಖಲೆ ಇಲ್ಲದಿರುವುದು ಮೊದಲು ಬೆಳಕಿಗೆ ಬರುತ್ತದೆ. ಈ ಭಯದಿಂದಲೇ ಹಲವರು ದೂರು ನೀಡದೆ ಮೌನವಾಗಿರುತ್ತಾರೆ.

4. ನೇಮಕಾತಿ ಏಜೆಂಟರ ಪರಿಶೀಲನೆ

4.1 ವಿದೇಶಿ ಉದ್ಯೋಗಕ್ಕೆ ನೇಮಕಾತಿ ಮಾಡುವ ಏಜೆಂಟರು ವಲಸೆ ಅಧಿನಿಯಮದ ಅಡಿಯಲ್ಲಿ ನೋಂದಣಿ ಹೊಂದಿರತಕ್ಕದ್ದು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಅರ್ಜಿದಾರರೇ ನೋಡಿಕೊಳ್ಳಬೇಕು. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ನೋಡಿ ತೃಪ್ತರಾಗಬಾರದು.

4.2 ನೋಂದಾಯಿತ ಏಜೆಂಟರು ಅರ್ಜಿದಾರರಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ರೂ. 30,000 ಮತ್ತು ಅದರ ಮೇಲಿನ ಶೇ. 18ರಷ್ಟು ಜಿಎಸ್‌ಟಿ, ಅಂದರೆ ಒಟ್ಟು ರೂ. 35,400. ಇದಕ್ಕೆ ರಸೀದಿ ಪಡೆಯತಕ್ಕದ್ದು. ಇದಕ್ಕಿಂತ ಹೆಚ್ಚಿನ ಮೊತ್ತವನ್ನು ವೀಸಾ ಬೆಲೆ ಎಂದು ಕೇಳಿದಲ್ಲಿ ಅದನ್ನು ಎಚ್ಚರಿಕೆಯ ಸೂಚನೆ ಎಂದು ತಿಳಿಯಬೇಕು. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಉದ್ಯೋಗದಾತರೇ ಭರಿಸಬೇಕು.

4.3 ಜಮೀನು ಅಡವಿಟ್ಟು ಅಥವಾ ಬಡ್ಡಿ ಸಾಲ ಮಾಡಿ ಹಣ ಪಾವತಿಸುವ ಮೊದಲು, ಒಪ್ಪಂದದಲ್ಲಿರುವ ಮೂಲ ವೇತನದಿಂದ ಆ ಸಾಲ ತೀರಲು ಎಷ್ಟು ತಿಂಗಳು ಬೇಕು ಎಂಬ ಲೆಕ್ಕವನ್ನು ಕುಟುಂಬದವರೊಂದಿಗೆ ಕುಳಿತು ಮಾಡಬೇಕು. ಸಾಲದ ಹೊರೆ ಇರುವವರು ಕೆಟ್ಟ ಕೆಲಸದ ಸ್ಥಳವನ್ನು ಬಿಟ್ಟುಬರಲು ಅಂಜುತ್ತಾರೆ.

4.4 ಕರ್ನಾಟಕದಲ್ಲಿ ಸರ್ಕಾರದ ಕೌಶಲ್ಯಾಭಿವೃದ್ಧಿ ವ್ಯವಸ್ಥೆಯಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ – ಕರ್ನಾಟಕ ಎಂಬ ಸಂಸ್ಥೆ ವಿದೇಶಿ ಉದ್ಯೋಗದ ಬಗ್ಗೆ ಮಾರ್ಗದರ್ಶನ ನೀಡುತ್ತದೆ.

5. ಪ್ರವೇಶಕ್ಕೆ ಬೇಕಾಗುವ ದಾಖಲೆಗಳು

ಅ) ಪಾಸ್‌ಪೋರ್ಟ್: ಕನಿಷ್ಠ 6 ತಿಂಗಳ ಸಿಂಧುತ್ವ ಉಳಿದಿರಬೇಕು. ಪಾಸ್‌ಪೋರ್ಟ್, ವೀಸಾ, ಒಪ್ಪಂದ ಮತ್ತು ಅಂಕಪಟ್ಟಿಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರಬೇಕು.

ಆ) ಒಂದೇ ಹೆಸರು ಇರುವವರು: ಕರ್ನಾಟಕದಲ್ಲಿ ಉಪನಾಮವಿಲ್ಲದೆ ಕೇವಲ ಒಂದು ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರು ಹಲವರಿದ್ದಾರೆ. ಇಂಥ ಪಾಸ್‌ಪೋರ್ಟಿನ ಮೇಲೆ ಸಂದರ್ಶನ ವೀಸಾ ನೀಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕುಟುಂಬದವರು ಭೇಟಿಗೆ ಬರುವ ಸಂದರ್ಭದಲ್ಲಿಯೂ ಇದು ತೊಡಕಾಗಬಹುದು. ಆದುದರಿಂದ ಹೊಸದಾಗಿ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸುವವರು ಹೆಸರು ಮತ್ತು ಉಪನಾಮಗಳ ಎರಡೂ ಅಂಕಣಗಳನ್ನು ತುಂಬುವುದು ಸೂಕ್ತ. ಇನಿಷಿಯಲ್ ಇರುವವರು ಅದನ್ನು ವಿಸ್ತರಿಸಿ ಬರೆಯಬೇಕು.

ಇ) ಉದ್ಯೋಗ ವೀಸಾ: ವೀಸಾದಲ್ಲಿ ನಮೂದಾದ ಹುದ್ದೆ, ಒಪ್ಪಂದದಲ್ಲಿರುವ ಹುದ್ದೆ ಮತ್ತು ಏಜೆಂಟರು ಹೇಳಿದ ಹುದ್ದೆ ಮೂರೂ ಒಂದೇ ಆಗಿರಬೇಕು. ಚಾಲಕರ ಕೆಲಸವೆಂದು ಹೇಳಿ ಕುರಿ ಮೇಯಿಸುವ ವೀಸಾ ನೀಡಿದ್ದಲ್ಲಿ, ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ವೀಸಾದಲ್ಲಿರುವ ಹುದ್ದೆಯೇ ಲೆಕ್ಕಕ್ಕೆ ಬರುತ್ತದೆ.

ಈ) ಉದ್ಯೋಗ ಒಪ್ಪಂದ: ಮೂಲ ವೇತನ, ಕೆಲಸದ ಅವಧಿ, ವಾರದ ರಜೆ, ವಸತಿ, ಊಟ, ವೈದ್ಯಕೀಯ ಸೌಲಭ್ಯ, ವಿಮಾನ ಟಿಕೆಟ್ ಮತ್ತು ಒಪ್ಪಂದದ ಕಾಲಾವಧಿ ಸ್ಪಷ್ಟವಾಗಿರಬೇಕು. ಯುಎಇ ಅಧಿಕೃತ ಪ್ರಸ್ತಾವ ಪತ್ರವು ಅರೇಬಿಕ್ ಮತ್ತು ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು ಮೊದಲಾದ ಭಾಷೆಗಳ ಪೈಕಿ ಒಂದರಲ್ಲಿ ದೊರೆಯುತ್ತದೆ. ಕನ್ನಡ ಮಾತ್ರ ಬಲ್ಲವರು ನಂಬಿಕಸ್ತರಿಂದ ಪೂರ್ತಿ ಓದಿಸಿ, ಅರ್ಥ ಮಾಡಿಕೊಂಡ ನಂತರವೇ ಸಹಿ ಮಾಡತಕ್ಕದ್ದು. ಖಾಲಿ ಕಾಗದದ ಮೇಲೆ ಎಂದಿಗೂ ಸಹಿ ಹಾಕಬಾರದು.

ಉ) ಶೈಕ್ಷಣಿಕ ದಾಖಲೆಗಳ ದೃಢೀಕರಣ: ಒಮಾನ್, ಬಹ್ರೇನ್ ಮತ್ತು ಸೌದಿ ಅರೇಬಿಯಾ ದೇಶಗಳು ಅಪಾಸ್ಟಿಲ್ ಒಡಂಬಡಿಕೆಗೆ ಸೇರಿವೆ. ಇತರ ಕೊಲ್ಲಿ ರಾಷ್ಟ್ರಗಳಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣದ ನಂತರ ಆಯಾ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗಬಹುದು. ಈ ಕ್ರಮಕ್ಕೆ ಹಲವು ವಾರಗಳು ಹಿಡಿಯುವುದರಿಂದ ಮುಂಚಿತವಾಗಿ ಆರಂಭಿಸಬೇಕು.

ಎಲ್ಲ ದಾಖಲೆಗಳ ನೆರಳಚ್ಚು ಪ್ರತಿಗಳನ್ನು ಮನೆಯಲ್ಲಿ ಒಂದು ಪ್ರತಿ ಬಿಟ್ಟುಹೋಗತಕ್ಕದ್ದು. ಪಾಸ್‌ಪೋರ್ಟ್ ಕಳೆದಾಗ ಅಥವಾ ಕಾರ್ಮಿಕರ ಸಂಪರ್ಕ ತಪ್ಪಿದಾಗ ಕುಟುಂಬದವರ ಬಳಿ ಇರುವ ಈ ಪ್ರತಿಯೇ ಹುಡುಕಾಟಕ್ಕೆ ಆಧಾರವಾಗುತ್ತದೆ.

6. ಕಡ್ಡಾಯ ವಿಮೆ: ಪ್ರವಾಸಿ ಭಾರತೀಯ ಬಿಮಾ ಯೋಜನೆ

ಈ ಯೋಜನೆಯು 2003ರಲ್ಲಿ ಆರಂಭವಾಯಿತು. ವಲಸೆ ಅನುಮತಿಯ ಅಡಿಯಲ್ಲಿ ಉದ್ಯೋಗಕ್ಕೆ ತೆರಳುವ ಇ.ಸಿ.ಆರ್. ವರ್ಗದವರಿಗೆ ಇದು ಕಡ್ಡಾಯ. ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಲ್ಲಿ ರೂ. 10 ಲಕ್ಷ ವಿಮಾ ರಕ್ಷಣೆ ಇರುತ್ತದೆ. ಕಂತು 2 ವರ್ಷಕ್ಕೆ ರೂ. 275 ಮತ್ತು 3 ವರ್ಷಕ್ಕೆ ರೂ. 375 (ತೆರಿಗೆ ಪ್ರತ್ಯೇಕ). ಒಪ್ಪಂದ ಮುಂದುವರಿದಲ್ಲಿ ವಿಮೆಯನ್ನು ವಿದೇಶದಿಂದಲೇ ನವೀಕರಿಸಬಹುದು.

ವಿಮಾ ಪತ್ರದಲ್ಲಿ ನಾಮನಿರ್ದೇಶಿತರ ಹೆಸರನ್ನು ಸರಿಯಾಗಿ ಬರೆಸಿ, ಪ್ರತಿಯನ್ನು ಅವರಿಗೇ ಒಪ್ಪಿಸಬೇಕು. ವಿಮೆ ಇದೆಯೆಂಬುದೇ ಮನೆಯವರಿಗೆ ತಿಳಿದಿರದಿದ್ದರೆ ಅದರಿಂದ ಪ್ರಯೋಜನವಾಗಲಾರದು.

7. ಆರೋಗ್ಯ ತಪಾಸಣೆ

ಕೊಲ್ಲಿ ರಾಷ್ಟ್ರಗಳ ಉದ್ಯೋಗ ವೀಸಾಕ್ಕೆ ಪ್ರಯಾಣಪೂರ್ವ ವೈದ್ಯಕೀಯ ತಪಾಸಣೆ ಅಗತ್ಯವಾಗಿದ್ದಲ್ಲಿ, ಹಿಂದೆ ಗಾಮ್ಕಾ ಎಂದು ಕರೆಯಲಾಗುತ್ತಿದ್ದು ಈಗ ವಾಫಿದ್ ಎಂಬ ಹೆಸರಿನಲ್ಲಿರುವ ವ್ಯವಸ್ಥೆಯ ಮೂಲಕ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಅದನ್ನು ಮಾಡಿಸಬೇಕು. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳಿಗಾಗಿ ಪರೀಕ್ಷೆ ನಡೆಯುತ್ತದೆ. ಆಯಾ ದೇಶ ತಲುಪಿದ ಬಳಿಕ ವಾಸ್ತವ್ಯ ಪರವಾನಗಿಗಾಗಿ ಮತ್ತೊಮ್ಮೆ ಪರೀಕ್ಷೆ ಮಾಡಲಾಗುತ್ತದೆ. ಹಣ ಕೊಟ್ಟು ಸುಳ್ಳು ವರದಿ ಪಡೆದು ಹೋದವರು ಅಲ್ಲಿ ಅನರ್ಹರೆಂದು ಕಂಡುಬಂದಲ್ಲಿ, ಖರ್ಚು ಮಾಡಿದ ಹಣವನ್ನು ಕಳೆದುಕೊಂಡು ಹಿಂದಿರುಗಬೇಕಾಗುತ್ತದೆ. ಎದೆಯ ಕ್ಷ-ಕಿರಣದಲ್ಲಿ ಹಳೆಯ ಕ್ಷಯದ ಕಲೆ ಇರುವವರು ಪ್ರಯಾಣದ ವೆಚ್ಚ ಮಾಡುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಸೌದಿ ಅರೇಬಿಯಾದಲ್ಲಿ ಉಮ್ರಾ ಅಥವಾ ಹಜ್ ನೆರವೇರಿಸುವ ಉದ್ದೇಶವಿದ್ದವರು ಮೆನಿಂಜೈಟಿಸ್ ಲಸಿಕೆಯನ್ನು ಆ ದೇಶ ತಲುಪುವ ಕನಿಷ್ಠ 10 ದಿನ ಮೊದಲು ಪಡೆದಿರಬೇಕು. ಒಂಟೆಗಳ ಸಂಪರ್ಕದಿಂದ ಹರಡಬಲ್ಲ ಮರ್ಸ್ ಎಂಬ ಉಸಿರಾಟದ ಸೋಂಕು 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಗುರುತಿಸಲ್ಪಟ್ಟಿತು. ಒಂಟೆಗಳ ನಡುವೆ ಕೆಲಸ ಮಾಡುವವರು ಕೈ ತೊಳೆಯುವ ಅಭ್ಯಾಸವಿಟ್ಟುಕೊಳ್ಳಬೇಕು ಹಾಗೂ ಒಂಟೆಯ ಹಸಿ ಹಾಲನ್ನು ಕುಡಿಯಬಾರದು.

8. ಔಷಧಿ ಮತ್ತು ಆಹಾರ ಪದಾರ್ಥಗಳು: ವಿಶೇಷ ಎಚ್ಚರಿಕೆ

ಭಾರತದಲ್ಲಿ ಸುಲಭವಾಗಿ ದೊರೆಯುವ ಕೆಲವು ವಸ್ತುಗಳು ಕೊಲ್ಲಿ ರಾಷ್ಟ್ರಗಳಲ್ಲಿ ಮಾದಕ ವಸ್ತುಗಳ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಅರಿಯದೆ ಒಯ್ದರೂ ಬಂಧನಕ್ಕೆ ಒಳಗಾಗುವ ಸಂಭವವಿರುತ್ತದೆ.

ಅ) ಗಸಗಸೆ: ಪಾಯಸಕ್ಕೂ ಮಸಾಲೆಗೂ ಬಳಸುವ ಗಸಗಸೆಯು ಯುಎಇ, ಸೌದಿ ಅರೇಬಿಯಾ ಮೊದಲಾದ ದೇಶಗಳಲ್ಲಿ ನಿಷಿದ್ಧ. ಮನೆಯಿಂದ ಕಟ್ಟಿಕೊಡುವ ಮಸಾಲೆ ಪುಡಿ ಮತ್ತು ಸಿಹಿತಿಂಡಿಗಳಲ್ಲಿ ಗಸಗಸೆ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಆ) ವೀಳ್ಯದೆಲೆ, ಪಾನ್ ಪದಾರ್ಥಗಳು: ಯುಎಇಯಲ್ಲಿ ಇವುಗಳನ್ನು ಒಯ್ಯುವಂತಿಲ್ಲ. ಗುಟ್ಕಾವನ್ನು ಯಾವ ದೇಶಕ್ಕೂ ಒಯ್ಯಬಾರದು.

ಇ) ಔಷಧಿಗಳು: ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವು ನಿವಾರಕ, ನಿದ್ರೆ ಮತ್ತು ಮಾನಸಿಕ ಚಿಕಿತ್ಸೆಯ ಕೆಲವು ಮಾತ್ರೆಗಳು ನಿಯಂತ್ರಿತ ಪಟ್ಟಿಯಲ್ಲಿವೆ. ಇವು ಅನಿವಾರ್ಯವಾಗಿದ್ದಲ್ಲಿ ಆಯಾ ದೇಶದ ಆರೋಗ್ಯ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಮಧುಮೇಹ, ರಕ್ತದೊತ್ತಡ ಮುಂತಾದವುಗಳ ಔಷಧಿಯನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಚೀಟಿಯಲ್ಲಿ ಔಷಧಿಯ ಮೂಲ ರಾಸಾಯನಿಕ ಹೆಸರು ಇಂಗ್ಲಿಷಿನಲ್ಲಿ ಇರಲಿ.

ಈ) ಇತರರ ಪೊಟ್ಟಣಗಳು: ಪರಿಚಿತರೇ ಆಗಿರಲಿ, ಮತ್ತೊಬ್ಬರಿಗೆ ತಲುಪಿಸಲು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬಾರದು. ಅದರೊಳಗೆ ನಿಷಿದ್ಧ ವಸ್ತು ದೊರೆತಲ್ಲಿ ಒಯ್ದವರೇ ಹೊಣೆಗಾರರಾಗುತ್ತಾರೆ. ಮಾದಕ ವಸ್ತುಗಳ ಸಾಗಣೆಗೆ ಮರಣದಂಡನೆಯವರೆಗೂ ಶಿಕ್ಷೆ ಇರುವ ದೇಶಗಳಿವೆ.

9. ಬಿಸಿಲು ಮತ್ತು ಕೆಲಸದ ಸ್ಥಳದ ಸುರಕ್ಷತೆ

ಬೇಸಿಗೆಯಲ್ಲಿ ಬಯಲಿನಲ್ಲಿ ಕೆಲಸ ಮಾಡುವುದನ್ನು ಮಧ್ಯಾಹ್ನದ ವೇಳೆಯಲ್ಲಿ ಕೆಳಕಂಡಂತೆ ನಿಷೇಧಿಸಲಾಗಿದೆ.

– ಯುಎಇ: ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.30ರಿಂದ 3.00
– ಸೌದಿ ಅರೇಬಿಯಾ: ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.00ರಿಂದ 3.00
– ಕತಾರ್: ಜೂನ್ 1ರಿಂದ ಸೆಪ್ಟೆಂಬರ್ 15, ಬೆಳಗ್ಗೆ 10.00ರಿಂದ ಮಧ್ಯಾಹ್ನ 3.30
– ಕುವೈತ್: ಜೂನ್‌ನಿಂದ ಆಗಸ್ಟ್, ಬೆಳಗ್ಗೆ 11.00ರಿಂದ ಸಂಜೆ 4.00
– ಒಮಾನ್: ಜೂನ್‌ನಿಂದ ಆಗಸ್ಟ್, ಮಧ್ಯಾಹ್ನ 12.30ರಿಂದ 3.30
– ಬಹ್ರೇನ್: 2025ರಿಂದ ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.00ರಿಂದ 4.00

ಹೊಸದಾಗಿ ಬಂದವರ ದೇಹವು ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ. ಈ ಅವಧಿಯಲ್ಲಿಯೇ ಅಪಾಯ ಹೆಚ್ಚು. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ತಲೆಸುತ್ತು, ವಾಂತಿ, ಸ್ನಾಯು ಸೆಳೆತ ಕಂಡುಬಂದಲ್ಲಿ ಕೂಡಲೇ ಕೆಲಸ ನಿಲ್ಲಿಸಿ ನೆರಳಿಗೆ ಬರಬೇಕು. ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಶಾಖಾಘಾತದ ಲಕ್ಷಣಗಳು. ಇಂಥ ಸ್ಥಿತಿಯಲ್ಲಿರುವವರ ಮೈಯನ್ನು ನೀರಿನಿಂದ ತಂಪು ಮಾಡುತ್ತಲೇ ಆಂಬ್ಯುಲೆನ್ಸ್ ಕರೆಸಬೇಕು.

ಕುವೈತ್‌ನ ಮಂಗಾಫ್‌ನಲ್ಲಿ 2024ರ ಜೂನ್ 12ರಂದು ಕಾರ್ಮಿಕರ ವಸತಿ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ ಹಲವಾರು ಭಾರತೀಯರು ಮೃತಪಟ್ಟರು. ಅನೇಕರು ದಟ್ಟ ಹೊಗೆಯಿಂದ ಉಸಿರುಗಟ್ಟಿ ಪ್ರಾಣ ಕಳೆದುಕೊಂಡರು. ವಸತಿಗೆ ಸೇರಿದ ಮೊದಲ ದಿನವೇ ಹೊರಹೋಗುವ ಎರಡು ಮಾರ್ಗಗಳನ್ನು ನೋಡಿಟ್ಟುಕೊಳ್ಳಬೇಕು. ಮೆಟ್ಟಿಲುಗಳಲ್ಲಿ ಸಾಮಾನು ಇಡಬಾರದು, ಕೋಣೆಯೊಳಗೆ ಅಡುಗೆ ಮಾಡಬಾರದು ಹಾಗೂ ಒಂದೇ ಪ್ಲಗ್ಗಿಗೆ ಹಲವು ಉಪಕರಣಗಳನ್ನು ಜೋಡಿಸಬಾರದು.

10. ತಲುಪಿದ ನಂತರ ಗಮನಿಸಬೇಕಾದ ಅಂಶಗಳು

10.1 ಪಾಸ್‌ಪೋರ್ಟ್ ಕಾರ್ಮಿಕರ ಬಳಿಯೇ ಇರಬೇಕು. ಯುಎಇ, ಸೌದಿ ಅರೇಬಿಯಾ ಮತ್ತು ಕತಾರ್‌ನಲ್ಲಿ ಮಾಲೀಕರು ಅದನ್ನು ವಶದಲ್ಲಿಟ್ಟುಕೊಳ್ಳುವುದು ನಿಷಿದ್ಧ.

10.2 ವೇತನವನ್ನು ಬ್ಯಾಂಕ್ ಮೂಲಕವೇ ಪಡೆಯಬೇಕು. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಜಾರಿಯಲ್ಲಿದ್ದು, ಇತರ ಕೆಲವು ಕೊಲ್ಲಿ ರಾಷ್ಟ್ರಗಳಲ್ಲಿಯೂ ಇಂಥದೇ ವ್ಯವಸ್ಥೆ ಇದೆ. ಬ್ಯಾಂಕ್ ದಾಖಲೆಯು ವೇತನ ಬಾಕಿಗೆ ಉತ್ತಮ ಸಾಕ್ಷ್ಯ.

10.3 ಯುಎಇ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದ ಉದ್ಯೋಗಿಗೆ ಸೇವಾಂತ್ಯದಲ್ಲಿ ಉಪದಾನ ದೊರೆಯುತ್ತದೆ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ನಂತರದ ವರ್ಷಗಳಿಗೆ 30 ದಿನಗಳ ಮೂಲ ವೇತನ ಇದರ ಲೆಕ್ಕ. ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಎಂದು ಒಪ್ಪಂದ ಮಾಡಿಕೊಂಡವರಿಗೆ ಈ ಮೊತ್ತವೂ ಕಡಿಮೆಯಾಗುತ್ತದೆ. ಮನೆಗೆಲಸದವರಿಗೆ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.

10.4 ಸೌದಿ ಅರೇಬಿಯಾ ಮತ್ತು ಕುವೈತ್‌ನಲ್ಲಿ ಮದ್ಯ ನಿಷಿದ್ಧ. ಅನುಮತಿಯಿಲ್ಲದೆ ಇತರರ ಛಾಯಾಚಿತ್ರ ತೆಗೆಯುವುದು ಮತ್ತು ಮೊಬೈಲ್ ಸಂದೇಶಗಳಲ್ಲಿ ನಿಂದಿಸುವುದು ಯುಎಇಯಲ್ಲಿ ಶಿಕ್ಷಾರ್ಹ ಅಪರಾಧ. ಬ್ಯಾಂಕ್ ಸಾಲ ತೀರಿಸದಿದ್ದಲ್ಲಿ ದೇಶ ಬಿಡದಂತೆ ಪ್ರಯಾಣ ನಿಷೇಧ ಬೀಳಬಹುದು.

10.5 ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಂಘರ್ಷ ಆರಂಭವಾದಾಗ ಅಲ್ಲಿ ಸಿಲುಕಿದ್ದವರನ್ನು ಆಪರೇಷನ್ ಕಾವೇರಿಯ ಮೂಲಕ ಕರೆತರಲಾಯಿತು. ಅವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಇಂಥ ಸಂದರ್ಭದಲ್ಲಿ ಯಾರು ಎಲ್ಲಿದ್ದಾರೆ ಎಂಬ ಮಾಹಿತಿ ಕಚೇರಿಯ ಬಳಿ ಇದ್ದಲ್ಲಿ ನೆರವು ಬೇಗ ತಲುಪುತ್ತದೆ.

11. ತೊಂದರೆ ಉಂಟಾದಾಗ

ಅ) ತುರ್ತು ದೂರವಾಣಿ: ಯುಎಇ ಪೊಲೀಸ್ 999, ಆಂಬ್ಯುಲೆನ್ಸ್ 998, ಸೌದಿ ಅರೇಬಿಯಾ ಆಂಬ್ಯುಲೆನ್ಸ್ 997, ಕುವೈತ್ 112, ಕತಾರ್ 999, ಬಹ್ರೇನ್ 999, ಒಮಾನ್ 9999.

ಆ) ಭಾರತೀಯ ಕಚೇರಿಗಳು: ರಿಯಾದ್, ಅಬುಧಾಬಿ, ಕುವೈತ್, ದೋಹಾ, ಮಸ್ಕತ್ ಮತ್ತು ಮನಾಮಾದಲ್ಲಿ ರಾಯಭಾರ ಕಚೇರಿಗಳೂ, ಜೆಡ್ಡಾ ಮತ್ತು ದುಬೈಯಲ್ಲಿ ಕಾನ್ಸುಲೇಟ್ ಕಚೇರಿಗಳೂ ಇವೆ.

ಇ) ದೂರು: ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಕಾರ್ಮಿಕರು ಅಥವಾ ಭಾರತದಲ್ಲಿರುವ ಅವರ ಕುಟುಂಬದವರು ದೂರು ದಾಖಲಿಸಬಹುದು. ಏಜೆಂಟರ ವಿರುದ್ಧದ ದೂರನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ, ವಲಸಿಗರ ಸಂರಕ್ಷಣಾಧಿಕಾರಿಗೆ ಹಾಗೂ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ನೀಡಬಹುದು.

ಈ) ನೆರವು: 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಷ್ಟದಲ್ಲಿರುವ ಅರ್ಹರಿಗೆ ತಾತ್ಕಾಲಿಕ ವಸತಿ, ತುರ್ತು ಚಿಕಿತ್ಸೆ, ಕಾನೂನು ನೆರವು, ಹಿಂದಿರುಗುವ ಟಿಕೆಟ್ ಮತ್ತು ಪಾರ್ಥಿವ ಶರೀರದ ಸಾಗಣೆಗೆ ಸಹಾಯ ದೊರೆಯುತ್ತದೆ. ರಾಜ್ಯ ಮಟ್ಟದಲ್ಲಿ ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಇದನ್ನು ಸಂಪರ್ಕಿಸಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂದರ್ಶನ ವೀಸಾದ ಮೇಲೆ ಈಗಾಗಲೇ ಹೋಗಿ ಕೆಲಸ ಮಾಡುತ್ತಿರುವವರು ಸಹಾಯ ಕೇಳಬಹುದೇ?
ಉತ್ತರ: ಕೇಳಬಹುದು. ವೀಸಾ ಸ್ಥಿತಿ ಏನೇ ಇದ್ದರೂ ಭಾರತೀಯ ಪ್ರಜೆಗಳು ರಾಯಭಾರ ಕಚೇರಿಯನ್ನು ಸಂಪರ್ಕಿಸಬಹುದು. ವಿಳಂಬವಾದಷ್ಟೂ ದಂಡ ಮತ್ತು ತೊಡಕುಗಳು ಹೆಚ್ಚುವುದರಿಂದ ಶೀಘ್ರವಾಗಿ ಸಂಪರ್ಕಿಸುವುದು ಸೂಕ್ತ.

ಪ್ರಶ್ನೆ: ತಲುಪಿದ ಮೇಲೆ ಕಡಿಮೆ ವೇತನದ ಮತ್ತೊಂದು ಒಪ್ಪಂದಕ್ಕೆ ಸಹಿ ಹಾಕಲು ಒತ್ತಾಯಿಸಿದರೆ ಏನು ಮಾಡಬೇಕು?
ಉತ್ತರ: ಸಹಿ ಹಾಕದೆ, ಮೂಲ ಒಪ್ಪಂದದ ಪ್ರತಿಯೊಂದಿಗೆ ರಾಯಭಾರ ಕಚೇರಿಗೆ ತಿಳಿಸಬೇಕು. ಇ-ಮೈಗ್ರೇಟ್ ಮೂಲಕ ತೆರಳಿದವರ ಮೂಲ ಒಪ್ಪಂದದ ವಿವರ ಸರ್ಕಾರದ ದಾಖಲೆಯಲ್ಲಿಯೂ ಇರುತ್ತದೆ.

ಪ್ರಶ್ನೆ: ಊರಿನ ಪರಿಚಿತರೇ ವೀಸಾ ಕಳುಹಿಸಿದ್ದಲ್ಲಿ ವಲಸೆ ಅನುಮತಿ ಬೇಕೇ?
ಉತ್ತರ: ಇ.ಸಿ.ಆರ್. ಪಾಸ್‌ಪೋರ್ಟ್ ಹೊಂದಿದ್ದು ಉದ್ಯೋಗಕ್ಕಾಗಿ ತೆರಳುವುದಾದಲ್ಲಿ ಬೇಕು. ವೀಸಾ ಯಾರ ಮೂಲಕ ಬಂದಿತೆಂಬುದರಿಂದ ಈ ನಿಯಮ ಬದಲಾಗುವುದಿಲ್ಲ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ವೀಸಾ ಮತ್ತು ಕಾರ್ಮಿಕ ನಿಯಮಗಳನ್ನು ಆಯಾ ದೇಶಗಳು ಬದಲಾಯಿಸುವ ಸಾಧ್ಯತೆ ಇರುವುದರಿಂದ, ಟಿಕೆಟ್ ಖರೀದಿಸುವ ಮುನ್ನ ಸಂಬಂಧಪಟ್ಟ ದೇಶದ ರಾಯಭಾರ ಕಚೇರಿ, ಇ-ಮೈಗ್ರೇಟ್ ಜಾಲತಾಣ ಹಾಗೂ ಭಾರತೀಯ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.